ಮೈಕಮ್ಮನ ಮಾತು ಕೇಳುವ ಪೆಟ್ಟಿಗೆ

ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಕೆಟ್ಟು ಕೂತಿದೆ, ಯಾರ ಮಗು ತಪ್ಪಿಸಿಕೊಂಡು ಆಫೀಸಿನಲ್ಲಿ ಬಿಸ್ಕತ್ತು ತಿನ್ನುತ್ತಿದೆ ಎಂದು ಬಸ್ ನಿಲ್ದಾಣದ ಗಾಜಿನ ಕೋಣೆಯಿಂದ ಕೂಗಿ ಹೇಳುವುದು ಆಕೆಯ ಕೆಲಸವಾಗಿತ್ತು. ಜನ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಫ್ಯಾನು ನಿಲ್ಲಿಸಿ, ಒಂದು ಗುಟುಕು ಬಿಸಿನೀರು ಕುಡಿದು ಆಕೆ "ಪ್ರಯಾಣಿಕರ ಗಮನಕ್ಕೆ" ಎಂದರೆ ಸಾಕು, ಸೀಟಿಗಾಗಿ ಕಿತ್ತಾಡುತ್ತಿದ್ದವರೂ ಬಾಯಿ ಮುಚ್ಚಿ ಕಿವಿ ನಿಮಿರಿಸುತ್ತಿದ್ದರು.

ಕೊನೆಗೆ ನಿಲ್ದಾಣಕ್ಕೆ ತಾನೇ ಮಾತಾಡುವ ಯಂತ್ರ ಬಂತು. ಮೈಕಮ್ಮನ ಕೈಗೆ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು.

ಮನೆಯಲ್ಲಿ ಆಕೆಯ ಮಾತು ಗೋಡೆಗೆ ಹೇಳಿದ ಹಾಗೆ. ಗಡಿಯಾರ ರಿಪೇರಿಯ ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಏನು ಕೇಳಿದರೂ "ಹೂಂ" ಎಂಬ ಒಂದೇ ಉತ್ತರ. ಮಗ ಅರ್ಧ ಮಾತು ಆಡಿ ಇನ್ನರ್ಧ ನುಂಗುವವನು. ಸೊಸೆಯ ಮಾತೋ, ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಶುರುವಾಗಿದ್ದೂ ಗೊತ್ತಾಗದು, ಮುಗಿದದ್ದೂ ಗೊತ್ತಾಗದು.

ಹೀಗಿರುವಾಗ ಮಗ ಒಂದು ಸಂಜೆ ತೆಂಗಿನ ಚಿಪ್ಪಿನಷ್ಟು ದೊಡ್ಡದೊಂದು ಪೆಟ್ಟಿಗೆ ತಂದ. ಬಾಯಲ್ಲಿ ಹೇಳಿದರೆ ಸಾಕು, ದೀಪ, ಫ್ಯಾನು ಎಲ್ಲವೂ ಅದರ ಮಾತು ಕೇಳುತ್ತವಂತೆ. ಯಾರಾದರೂ ಸ್ವಿಚ್ಚು ಒತ್ತಿದರೆ ಪೆಟ್ಟಿಗೆಗೆ ಗೊಂದಲವಾಗುತ್ತದೆಂದು ಗೋಡೆಯ ಸ್ವಿಚ್ಚುಗಳಿಗೆಲ್ಲ ಟೇಪು ಅಂಟಿಸಿದ. ಅದನ್ನು ಕರೆಯಬೇಕಾದದ್ದು 'ಗೆಳತಿ' ಎಂದು.

"ಗೆಳ್ತಿ, ಹಾಲ್ ಲೈಟ್ ಹಾ…" ಎಂದ ಮಗ.

"ಹಾಲನ್ನು ಖರೀದಿ ಪಟ್ಟಿಗೆ ಸೇರಿಸಿದ್ದೇನೆ" ಎಂದಿತು ಪೆಟ್ಟಿಗೆ.

ಸೊಸೆ ಪ್ರಯತ್ನಿಸಿದಾಗ ಅದು ಯಾವುದೋ ಮದುವೆಯ ಬ್ಯಾಂಡು ಬಾರಿಸತೊಡಗಿತು. ಗಂಡನ ಸರದಿ ಬಂತು. ಹೆಂಡತಿಯ ಎದುರಿಗೆ ಇನ್ನೊಬ್ಬಳನ್ನು ಗೆಳತಿ ಎನ್ನಲು ಆತನಿಗೆ ನಾಲಿಗೆಯೇ ಹೊರಳಲಿಲ್ಲ. ಗೋಡೆ ನೋಡುತ್ತ, "ಗೆ… ಅದೇ…" ಎಂದು ತೊದಲಿದ.

"ಇಷ್ಟು ವರ್ಷದಲ್ಲಿ ನನ್ನನ್ನೇ ಹಾಗೆ ಕರೆದಿಲ್ಲ. ಅದನ್ನ ಹೇಗೆ ಕರೀತಾರೆ ಪಾಪ" ಎಂದಳು ಮೈಕಮ್ಮ. ಯಂತ್ರವೆಂದರೆ ಆಕೆಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕತ್ತಲೆಯಲ್ಲಿ ಎಷ್ಟು ಹೊತ್ತು ಕೂರುವುದು? ಗಂಟಲು ಸರಿಮಾಡಿಕೊಂಡು ಹೇಳಿದಳು: "ಗೆಳತಿ. ಹಾಲ್ ಲೈಟ್ ಹಾಕು."

ದೀಪ ಝಗ್ಗನೆ ಹೊತ್ತಿತು. ತನ್ನ ಮಾತಿಗೆ ಮನೆಯಲ್ಲಿ ಏನಾದರೊಂದು ಅಲ್ಲಾಡಿದ್ದು ಅದೇ ಮೊದಲು. ಮೈಕಮ್ಮನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ಅಲ್ಲಿಂದ ಆಕೆಯ ಆಳ್ವಿಕೆ ಶುರುವಾಯಿತು. ಸ್ನಾನಕ್ಕೆ ಹೋಗುವವರು, ಓದುವವರು, ಮಲಗುವವರು, ಎಲ್ಲರೂ "ಅಮ್ಮ, ಸ್ವಲ್ಪ ಹೇಳು", "ಅತ್ತೆ, ಒಂಚೂರು ಫ್ಯಾನು" ಎಂದು ಆಕೆಯ ಮುಂದೆ ನಿಲ್ಲಬೇಕು. "ಒಬ್ಬೊಬ್ಬರಾಗಿ ಬನ್ನಿ. ನೂಕಬೇಡಿ" ಎನ್ನುವಳು. ಎದುರು ಮಾತಾಡಿದವರ ಕೋಣೆಗೆ ದೀಪ ತಡವಾಗಿ ಬರುತ್ತಿತ್ತು.

ಅಷ್ಟರಲ್ಲಿ ಪಕ್ಕದ ಊರಿನ ತಂಗಿಗೆ ಕಣ್ಣಿನ ಆಪರೇಷನ್ ಎಂದು ಸುದ್ದಿ ಬಂತು. ಮೈಕಮ್ಮ ಬ್ಯಾಗು ಹಿಡಿದು ಹೊರಟಳು. ಕಣ್ಣಾಸ್ಪತ್ರೆಯ ದೊಡ್ಡ ಕೋಣೆಯಲ್ಲಿ ಜನವೋ ಜನ. ಅರ್ಧ ಜನರ ಕಣ್ಣಿಗೆ ಪಟ್ಟಿ, ಉಳಿದವರ ಕಣ್ಣಿಗೆ ಔಷಧಿ ಹನಿ. ಯಾರ ಸರದಿ ಎಂದು ತೋರಿಸಲು ಗೋಡೆಯ ಮೇಲೊಂದು ಹೊಸ ಟಿವಿ ಪರದೆ; ಅದು ಕಾಣುತ್ತಿದ್ದದ್ದು ಕಾವಲುಗಾರನಿಗೆ ಮಾತ್ರ. ನರ್ಸು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು.

ಆಗ ಮೈಕಮ್ಮನ ಫೋನು ಹೊಡೆದುಕೊಂಡಿತು. ಮಗ.

"ಅಮ್ಮ, ನಿನ್ನೆಯಿಂದ ಲೈಟು ಆರ್ತಾನೇ ಇಲ್ಲ. ಫೋನನ್ನ ಪೆಟ್ಟಿಗೆ ಹತ್ರ ಹಿಡಿದಿದೀನಿ. ಒಂದ್ಸಲ ಹೇಳಿಬಿಡು."

"ಇಲ್ಲಿ ಹೇಗೋ ಹೇಳ್ಲಿ? ಆಸ್ಪತ್ರೇಲಿದೀನಿ."

"ಮೆಲ್ಲಗೆ ಹೇಳು."

ಮೆಲ್ಲಗೆ ಹೇಳುವುದು ಆಕೆ ಜನ್ಮದಲ್ಲಿ ಕಲಿಯದ ವಿದ್ಯೆ. ನೆಟ್ಟಗೆ ಕೂತು, "ಗೆಳತಿ. ಹಾಲ್ ಲೈಟ್ ಆಫ್ ಮಾಡು" ಎಂದಳು.

ಕೋಣೆ ಗಪ್‌ಚಿಪ್ಪಾಯಿತು. ಸ್ವಿಚ್ಚಿನ ಪಕ್ಕ ನಿಂತಿದ್ದ ಕಾವಲುಗಾರ ಯಾವ ಡಾಕ್ಟರು ಹೇಳಿದರೋ ಎಂದುಕೊಂಡು ಟಪ್ಪನೆ ದೀಪ ಆರಿಸಿಬಿಟ್ಟ.

"ಅಯ್ಯೋ, ಮೊದಲೇ ಒಂದೇ ಕಣ್ಣು, ಅದೂ ಹೋಯ್ತಾ?" ಎಂದು ಒಬ್ಬ ಅಜ್ಜ ಎದ್ದು ನಿಂತ. ಆತನ ಹಿಂದೆ ಸಾಲೆಲ್ಲ ಎದ್ದಿತು. ತಂಗಿ ಪಟ್ಟಿ ಕಟ್ಟಿದ ಕಣ್ಣಲ್ಲೇ ಅಕ್ಕನನ್ನು ಗುರಾಯಿಸಿ, "ಅಕ್ಕ, ನಿನ್ನ ಗೆಳತಿ ಯಾರೇ?" ಎಂದಳು. ಮೈಕಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೂ ಕೆಲಸ ಕಲಿತ ಬಾಯಿ ಸುಮ್ಮನಿರಲಿಲ್ಲ. "ಎಲ್ಲರ ಗಮನಕ್ಕೆ. ಯಾರ ಕಣ್ಣೂ ಹೋಗಿಲ್ಲ, ಹೋಗಿದ್ದು ದೀಪ. ದಯವಿಟ್ಟು ಕೂತ್ಕೊಳ್ಳಿ."

ಎಲ್ಲರೂ ಕೂತರು. ದೀಪ ಬಂತು. ನರ್ಸು ಓಡಿಬಂದಳು. ಬೈಸಿಕೊಳ್ಳಲು ಮೈಕಮ್ಮ ತಲೆ ತಗ್ಗಿಸಿದಳು.

"ಅಮ್ಮಾ," ನರ್ಸಿನ ದನಿ ಪಿಸುಗುಟ್ಟುವಷ್ಟೇ ಉಳಿದಿತ್ತು, "ಮುಂದಿನವರ ಹೆಸರನ್ನೂ ನೀವೇ ಕರೀತೀರಾ?"

ಕರೆದಳು. ಒಂದೊಂದು ಹೆಸರೂ ಕೋಣೆಯ ಮೂಲೆ ಮುಟ್ಟಿ ಬಂತು. ಸಂಜೆವರೆಗೆ ಎಳೆಯುತ್ತಿದ್ದ ಸಾಲು ಊಟದ ಹೊತ್ತಿಗೇ ಕರಗಿತು. ತಂಗಿಯನ್ನು ಮನೆಗೆ ಕಳಿಸುವ ದಿನ ದೊಡ್ಡ ಡಾಕ್ಟರು ಕರೆಸಿ, ದಿನಾ ಬೆಳಗಿನ ಹೊತ್ತು ಈ ಕೆಲಸಕ್ಕೆ ಬರುತ್ತೀರಾ ಎಂದು ಕೇಳಿದರು. ಕೇಳಿ ಮುಗಿಸುವ ಮೊದಲೇ ಆಕೆ ತಲೆಯಾಡಿಸಿದ್ದಳು.

ಮನೆಗೆ ಬಂದು ಸುದ್ದಿ ಹೇಳಿದಾಗ ಮಗನ ಮುಖ ಸಣ್ಣಗಾಯಿತು. "ಬೆಳಿಗ್ಗೆ ಹೊತ್ತು ಗೀಸರ್ ಯಾರು ಹಾಕ್ತಾರೆ?"

ಸೊಸೆ ಕೈಯಲ್ಲಿದ್ದ ಕೆಲಸ ಬಿಟ್ಟಳು. ಎದ್ದು ಹೋಗಿ ಬಚ್ಚಲ ಸ್ವಿಚ್ಚಿನ ಟೇಪನ್ನು ಪರ್ರನೆ ಕಿತ್ತಳು. "ನಾನು ಹಾಕ್ತೀನಿ. ಹೀಗೆ" ಎಂದು ಒತ್ತಿ ತೋರಿಸಿದಳು. ಅಷ್ಟು ಸ್ಪಷ್ಟವಾಗಿ ಆಕೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಈಗ ಮೈಕಮ್ಮ ಬುತ್ತಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಹೊರಡುತ್ತಾಳೆ. ಮಧ್ಯಾಹ್ನ ಬಂದವಳು ಗಂಟಲಿಗೆ ರಜೆ ಎಂದು ಕೈಸನ್ನೆ ಮಾಡಿ ಸುಮ್ಮನೆ ಕೂರುತ್ತಾಳೆ. ಮನೆಮಂದಿಗೆ ಆ ಮೌನ ಒಗ್ಗುತ್ತಿಲ್ಲ. "ಕೋಪಾನಾ ಅಮ್ಮ? ಏನಾದ್ರೂ ಹೇಳು" ಎಂದು ಮಗ ಹಿಂದೆ ಮುಂದೆ ಸುಳಿಯುತ್ತಾನೆ. ಆಕೆ ಮುಗುಳ್ನಕ್ಕು ತಟ್ಟೆ ಮುಂದೆ ಚಾಚುತ್ತಾಳೆ, ಇನ್ನೊಂದಿಷ್ಟು ಬಡಿಸು ಎಂದು.