ಕೇಬಲ್ ಸಂಗಪ್ಪ
ಮುಂಬಯಿಯ ಸಯನ್ ಪ್ರದೇಶದ ನಮ್ಮ ಬಿಲ್ಡಿಂಗಿನಲ್ಲಿ ಯಾರ ಟಿವಿಯಲ್ಲಿ ಕೇಬಲ್ ಚಿತ್ರ ನಡುಗಿದರೂ ಕರೆ ಹೋಗುವುದು ಮೇಲಿನ ಮಹಡಿಯ ಒಂಟಿ ಸಂಗಪ್ಪನಿಗೆ. ವೈರು ಜೋಡಿಸಲು ನನಗೂ ಬರುತ್ತದೆ, ಕೇಳುವವರಿಲ್ಲ. ಅವನು ಸ್ಕ್ರೂಡ್ರೈವರನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು, ಟಿವಿಯ ಬೆನ್ನು ತಟ್ಟಿ, ವೈರನ್ನು ಮೂಸಿ, ವೈದ್ಯನಂತೆ ತಲೆಯಾಡಿಸುತ್ತಾನೆ. ಚಿತ್ರ ಬಂದರೂ ಏಳುವುದಿಲ್ಲ. “ಇನ್ನೊಂದೀಟು ನೋಡೋಣ್ರೀ ವೈನಿ, ಮತ್ತ ಹೋದೀತು” ಎನ್ನುತ್ತ ಚಹಾ, ಅವಲಕ್ಕಿ, ಊರ ಸುದ್ದಿ ಎಲ್ಲ ಮುಗಿಸುತ್ತಾನೆ. ನಮ್ಮಲ್ಲಿಗೆ ಬಂದದ್ದು ಒಂದೇ ಸಲ; ಆಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಆದರೂ ನನ್ನ ಹೆಂಡತಿ ನನಗಿಲ್ಲದ ಕೋಡುಬಳೆ ಅವನಿಗೆ ಕೊಟ್ಟಳು. ಹೊಟ್ಟೆಕಿಚ್ಚು ತಾಳದೆ ಒಮ್ಮೆ ಪಕ್ಕದ ಮನೆಯ ಟಿವಿಯ ಹಿಂದೆ ಇಣುಕಿದೆ. ಮತ್ತೆ ತನ್ನನ್ನು ಕರೆಯಲೆಂದು ಸಂಗಪ್ಪ ಬೇಕೆಂದೇ ವೈರಿನ ಒಂದು ಸ್ಕ್ರೂ ಸಡಿಲ ಬಿಟ್ಟಿದ್ದ! ಎದುರು ಮನೆಯಲ್ಲೂ ಹಾಗೇ. ಓಡಿಬಂದು ನಮ್ಮ ಟಿವಿ ತಿರುಗಿಸಿದೆ. ನಮ್ಮದನ್ನು ಮಾತ್ರ ಅಲುಗಾಡದಂತೆ ಬಿಗಿದು ಹೋಗಿದ್ದ.