ಅಕ್ಕೋಳದ ತಾರವ್ವ ಕ್ವಾಲಾಲಂಪುರ ನೋಡಿದ್ದು

ಅಕ್ಕೋಳದ ತಾರವ್ವನಿಗೆ ಚಿಕ್ಕಂದಿನಲ್ಲಿ ಸಿಡುಬು ಬಂದಿತ್ತು. ಹೋಗುವಾಗ ಎಡಗಣ್ಣನ್ನು ತೆಗೆದುಕೊಂಡು ಹೋಯಿತು; ಮುಖವನ್ನು ಹನಿ ಬಿದ್ದ ಬೂದಿಯ ಹಾಗೆ ಮಾಡಿಟ್ಟಿತು. ಊರಲ್ಲಿ ಅದನ್ನು ಯಾರೂ ವಿಶೇಷವಾಗಿ ನೋಡುತ್ತಿರಲಿಲ್ಲ. ಅಂಥ ಮುಖಗಳು ಆ ಕಾಲಕ್ಕೆ ಓಣಿಗೆ ಒಂದೆರಡು ಇದ್ದವು. ಜನ ನೋಡುತ್ತಿದ್ದದ್ದು ಅವಳ ಕೈ. ರಾಟಿಯ ಮುಂದೆ ಕೂತಳೆಂದರೆ ಒರಟು ಉಣ್ಣೆಯಿಂದ ಗಂಟಿಲ್ಲದ, ಹದವಾದ ನೂಲು ಇಳಿಯುತ್ತಿತ್ತು. ಅವಳನ್ನು ಸೊಸೆಯಾಗಿ ತಂದುಕೊಳ್ಳುವಾಗ ನೆಂಟರು ಮೂಗು ಮುರಿದರೆ ಅತ್ತೆಯಾಗುವವಳು, "ಮಾರಿ ನೋಡ್ಕೋತ ಕುಂತ್ರ ಕಂಬಳಿ ಆಗ್ತಾವೇನು?" ಎಂದು ಬಾಯಿ ಮುಚ್ಚಿಸಿದ್ದಳು.

ಗಂಡ ಜಕ್ಕಪ್ಪ ಕಂಬಳಿ ನೇಯುವವನು. ಎತ್ತರದ ಆಳು, ತಿರುವಿದ ಮೀಸೆ, ಕೆಂಪು ರುಮಾಲು. ನಿಪ್ಪಾಣಿ ಸಂತೆಯಲ್ಲಿ ಅವನ ಕಂಬಳಿ ಹಾಸಿದ ಕಡೆ ಗಿರಾಕಿಗಳು ಮೊದಲು ನಿಲ್ಲುತ್ತಿದ್ದರು. "ಏನ್ ನೇಯ್ತಾನಪಾ!" ಎಂದು ಕೈಯಾಡಿಸಿ ನೋಡುತ್ತಿದ್ದರು. ನೂತವರು ಯಾರೆಂದು ಕೇಳುವ ವಾಡಿಕೆ ಇರಲಿಲ್ಲ, ಅವನು ಹೇಳುವ ವಾಡಿಕೆಯೂ ಇರಲಿಲ್ಲ. ಮದುವೆ ಮುಂಜಿಗಳಿಗೂ ಒಬ್ಬನೇ ಹೋಗುತ್ತಿದ್ದ. ತಾರವ್ವನಿಗೆ ಅದು ನೋವು ಎಂದು ಅನಿಸಿರಲಿಲ್ಲ. ಒಬ್ಬಳೇ ಮಗಳು ಮಲಕವ್ವನನ್ನು ರಾಯಬಾಗಕ್ಕೆ ಕೊಟ್ಟಾಗಿತ್ತು. ಮನೆ, ನಾಲ್ಕು ಕುರಿ, ರಾಟಿ, ಇಷ್ಟರಲ್ಲಿ ದಿನ ಹೋಗುತ್ತಿತ್ತು.

೧೯೮೯ರ ಬೇಸಿಗೆಯಲ್ಲಿ ನಿಪ್ಪಾಣಿಯ ಬಾಳಾಸಾಬ ಮನೆಗೆ ಬಂದ. ತಂಬಾಕಿನ ವ್ಯಾಪಾರಿಯ ಮಗ. ವ್ಯಾಪಾರ ಅಣ್ಣಂದಿರಿಗೆ ಬಿಟ್ಟು ಜಾನಪದ ಮಂಡಳಿ ಕಟ್ಟಿಕೊಂಡು ದಿಲ್ಲಿಯವರೆಗೂ ಹೋಗಿ ಬಂದಿದ್ದ. ಮಲೇಶಿಯಾದ ರಾಜಧಾನಿ ಕ್ವಾಲಾಲಂಪುರದಲ್ಲಿ ಕೈಕಸುಬಿನ ಮೇಳವಿದೆ, ಅಲ್ಲಿನ ಸಾಂಸ್ಕೃತಿಕ ಕೇಂದ್ರದಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಜನರೆದುರು ನೂತು ನೇಯ್ದು ತೋರಿಸಬೇಕು ಎಂದ. ಹಾಡುವ ಹೆಂಗಸರ ತಂಡವೂ ಜೊತೆಗೆ ಬರುತ್ತದೆ ಎಂದ.

ಸುದ್ದಿ ಊರೆಲ್ಲ ಹಬ್ಬಿತು. ಆದರೆ ಅರ್ಧ ಊರಿಗೆ ಕೇಳಿಸಿದ್ದು ಕೊಲ್ಲಾಪುರ ಎಂದೇ. ಪಕ್ಕದ ಮನೆಯ ಸತ್ತೆವ್ವ ಓಡಿ ಬಂದು, "ಕೊಲ್ಲಾಪುರಕ್ಕ ಹೋಗಾಕ ಇಮಾನ ಯಾಕ ಬೇಕವಾ? ಕೆಂಪ್ ಬಸ್ಸಿನ್ಯಾಗ ಕುಂತ್ರ ಊಟದೊಳಗ ಮುಟ್ತೀರಲಾ!" ಎಂದಳು. ತಾರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೇಳ ಶುರುವಾಗುವ ಮುಂಜಾನೆ ಕ್ವಾಲಾಲಂಪುರದ ಆ ಕೇಂದ್ರದ ಹಿಂದಿನ ಕೋಣೆಯಲ್ಲಿ ತಾರವ್ವ ಹಸಿರು ಸೀರೆ ಉಟ್ಟು, ನೂಲಲು ಉಣ್ಣೆಯ ಹಂಜಿ ಸರಿಮಾಡಿಕೊಂಡು ಕೂತಿದ್ದಳು. ಪತ್ರಿಕೆಯ ಫೋಟೋದವರು ಬಂದಿದ್ದರು. ಅವರಲ್ಲೊಬ್ಬ ಕ್ಯಾಮೆರಾ ಎತ್ತಿದ, ಇಳಿಸಿದ, ಬಾಳಾಸಾಬನ ಕಿವಿಯಲ್ಲಿ ಏನೋ ಹೇಳಿದ. ಬಾಳಾಸಾಬ ಜಕ್ಕಪ್ಪನನ್ನು ಬಾಗಿಲಾಚೆ ಕರೆದೊಯ್ದ. ಇಬ್ಬರೂ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದ ಬಾಳಾಸಾಬನ ಮುಖದಲ್ಲಿ ಸಕ್ಕರೆಯಂಥ ನಗೆ.

"ವೈನಿ, ಜಲ್ಮಪೂರ್ತಿ ರಾಟಿ ಮುಂದ ಕುಂತೀರಿ. ಇಷ್ಟ್ ದೂರ ಬಂದು ಇಲ್ಲೂ ಅದನ್ನ ಮಾಡೂದ? ಊರ್ ನೋಡ್ರಿ. ದೊಡ್ಡ ದೊಡ್ಡ ಚಿತ್ರಶಾಲಿ ಅದಾವ. ಒಬ್ಬಾಕೀನ್ನ ಜೋಡಿ ಕೊಡ್ತೀನಿ."

ತಾರವ್ವ ಗಂಡನ ಕಡೆ ನೋಡಿದಳು. "ಮತ್ತ ನೂಲು?"

"ರಾಟಿ ಮೂಲ್ಯಾಗ ಇಡ್ತೀವಿ, ಬರೇ ನೇಯೂದ್ ತೋರಸ್ತೀವಿ," ಎಂದ ಜಕ್ಕಪ್ಪ. ಆಮೇಲೆ ಅವಳ ಕಡೆ ನೋಡದೆ, "ಹೋಗ್ ತಾರಿ. ನೋಡ್ಕೊಂಡ್ ಬಾ," ಎಂದ.

ಮದುವೆಯಾಗಿ ಅಷ್ಟು ವರ್ಷದಲ್ಲಿ ಆ ಬಾಯಿಂದ "ನೋಡ್ಕೊಂಡ್ ಬಾ" ಎಂಬ ಮಾತು ಬಂದದ್ದು ಅದೇ ಮೊದಲು. ತಾರವ್ವ ಹಂಜಿ ಬದಿಗಿಟ್ಟು ಎದ್ದಳು. ಗಂಡಸಿನ ಮನಸ್ಸು ಪರದೇಶಕ್ಕೆ ಬಂದ ಮೇಲೆ ಇಷ್ಟು ಮೆತ್ತಗಾಗುತ್ತದೆಯೇ ಎಂದುಕೊಂಡಳು.

ಜೊತೆಗೆ ಬಂದವಳು ಮುನಿಯಮ್ಮ. ಕೇಂದ್ರದಲ್ಲಿ ಕಸ ಗುಡಿಸಿ ಚಹಾ ಕೊಡುವ ತಮಿಳು ಹೆಂಗಸು. ಅವಳ ಅಜ್ಜ ರಬ್ಬರ್ ತೋಟದ ಕೂಲಿಗೆಂದು ಹಡಗು ಹತ್ತಿ ಬಂದವನು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೆ ಕಣ್ಣು, ತಲೆ, ಕಾಲು ಎಂಬಂಥ ಮಾತುಗಳು ಎರಡು ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ. ಕೈಸನ್ನೆ ಸೇರಿಸಿದರೆ ಅರ್ಧ ಮಾತು ನಡೆಯುತ್ತಿತ್ತು. ಗಂಡನಿಗೆ "ಪುರುಷನ್", ಹೆಂಡತಿಗೆ "ಪೊಂಡಾಟ್ಟಿ" ಎಂದು ಮುನಿಯಮ್ಮ ಮೊದಲ ದಿನವೇ ಕಲಿಸಿದಳು. ತಾರವ್ವ ತನ್ನ ಎದೆ ಮುಟ್ಟಿಕೊಂಡು, "ಜಕ್ಕಪ್ಪ ಪೊಂಡಾಟ್ಟಿ" ಎಂದಳು. ಮುನಿಯಮ್ಮ ಯಾಕೋ ಮುಖ ಆಚೆ ತಿರುಗಿಸಿದಳು.

ಗೋಪುರಗಳಿದ್ದ ರೈಲು ನಿಲ್ದಾಣದ ಹತ್ತಿರ ದೊಡ್ಡ ಚಿತ್ರಶಾಲೆಯಿತ್ತು. ತಾರವ್ವ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಕಾವಲಿನವನು ನಕ್ಕು ಹಾಕಿಕೊಳ್ಳುವಂತೆ ಸನ್ನೆ ಮಾಡಿದ. ಅವಳು ಹಾಕಿಕೊಳ್ಳಲಿಲ್ಲ. ನೆಲ ಅಷ್ಟು ತಂಪು, ಒಳಗೆ ಅಷ್ಟು ಮೌನ. ಇದು ಗುಡಿಯಲ್ಲದೆ ಮತ್ತೇನು? ಗೋಡೆಯಲ್ಲಿ ಭತ್ತದ ಗದ್ದೆ, ದೋಣಿ, ಹುಂಜ. ಒಂದು ಗೋಡೆ ತುಂಬ ಬರೀ ನೀಲಿ ಬಣ್ಣ, ಮತ್ತೇನೂ ಇಲ್ಲ. ಅದರ ಮುಂದೆ ಅವಳು ಬಹಳ ಹೊತ್ತು ನಿಂತಳು. ಎಲ್ಲ ನೋಡಿ ಮುಗಿಸಿ ಅವಳು ಕಂಡುಹಿಡಿದ ದೋಷ ಒಂದೇ: ಎಲ್ಲಿಯೂ ಒಂದು ಕುರಿ ಇರಲಿಲ್ಲ.

ಮತ್ತೊಂದು ದಿನ ಹಳೆಯ ಪಲ್ಲಕ್ಕಿ, ತೊಗಲುಗೊಂಬೆಗಳಿದ್ದ ವಸ್ತುಸಂಗ್ರಹಾಲಯ. ಇನ್ನೊಂದು ದಿನ ಹುಡುಗಿಯರು ಕಾಸಿದ ಮೇಣದಿಂದ ಬಟ್ಟೆಯ ಮೇಲೆ ಹೂಬಳ್ಳಿ ಬರೆಯುವ ಮನೆ. ಒಬ್ಬಳು ಮೇಣದ ಕೊಳವೆಯನ್ನು ಅವಳ ಕೈಗೇ ಕೊಟ್ಟಳು. ತಾರವ್ವ ಎಳೆದ ಗೆರೆ ಅಂಕುಡೊಂಕಾಗಿ ಹರಿದು ಮೇಣ ಹೆಬ್ಬೆರಳ ಮೇಲೆ ಬಿತ್ತು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳು ಹುಡುಗಿಯಂತೆ ನಕ್ಕಳು.

ಸಂಜೆ ಗಂಡ ಉಣ್ಣುವಾಗ ಎದುರು ಕೂತು ಎಲ್ಲ ಹೇಳುತ್ತಿದ್ದಳು. "ಬರೇ ನೀಲಿ ಐತ್ರಿ. ನೋಡ್ಕೋತ ನಿಂತ್ರ, ಬಾವ್ಯಾಗ ಬಗ್ಗಿ ನೋಡಿದಂಗ ಆಕ್ಕೈತಿ."

"ಹೂಂ," ಎನ್ನುತ್ತಿದ್ದ ಜಕ್ಕಪ್ಪ. "ಅದಿರ್ಲಿ, ನಾಳಿಗೆ ನೂಲು ಸಾಲೂದಿಲ್ಲ. ಒಂದೀಟು ನೂತಿಡು."

ಅವಳು ಖುಷಿಯಿಂದಲೇ ನೂತಿಡುತ್ತಿದ್ದಳು. ಹಗಲೆಲ್ಲ ಊರು ತಿರುಗಿ ಬಂದವಳು ಇಷ್ಟಾದರೂ ಮಾಡಬಾರದೇ?

ಮೇಳ ಮುಗಿಯಲು ಇನ್ನೆರಡು ದಿನವಿತ್ತು. ಊರಾಚೆಯ ಒಂದು ಚಿಕ್ಕ ಚಿತ್ರಶಾಲೆಗೆ ಹೋಗಿದ್ದರು. ಅಲ್ಲಿ ಒಂದು ಮೀನುಗಾರ ಹೆಂಗಸಿನ ದೊಡ್ಡ ಚಿತ್ರವಿತ್ತು. ಸುಕ್ಕುಗಟ್ಟಿದ, ಕಲೆ ತುಂಬಿದ ಮುಖ. ಒಂದು ಕಣ್ಣು ಬೆಳ್ಳಗಾಗಿತ್ತು. ಹೊಸದಾಗಿ ಮದುವೆಯಾದಂತಿದ್ದ ಗಂಡು ಹೆಣ್ಣು ಅದರ ಮುಂದೆ ಕೈಕಟ್ಟಿ, ಉಸಿರು ಬಿಗಿಹಿಡಿದು ನಿಂತಿದ್ದರು. ತಾರವ್ವ ಅವರ ಪಕ್ಕಕ್ಕೆ ಹೋಗಿ ನಿಂತಳು. ಹುಡುಗಿ ತಿರುಗಿ ನೋಡಿದವಳೇ ಸಣ್ಣಗೆ ಚೀರಿ ಗಂಡನ ತೋಳು ಹಿಡಿದಳು. ಇಬ್ಬರೂ ಸರಸರ ಆಚೆ ಕೋಣೆಗೆ ಹೋದರು.

ತಾರವ್ವ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. "ನನ್ನ ಪುರುಷನ್ ಎಲ್ಲಾ ನೋಡು ಅಂದಾನ," ಎಂದು ಮುನಿಯಮ್ಮನಿಗೆ ಹೇಳಿ ಚಿತ್ರದ ಕಡೆಗೆ ತಿರುಗಿದಳು.

ಕೇಂದ್ರದಲ್ಲಿ ನಡೆಯುತ್ತಿದ್ದುದು ಗೊತ್ತಿದ್ದ ಮುನಿಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಅವಳು ತಾರವ್ವನ ಮಣಿಕಟ್ಟು ಹಿಡಿದು ಬಸ್ಸು ಹತ್ತಿಸಿದಳು. ಕೇಂದ್ರದ ಮುಂಬಾಗಿಲಿನಿಂದ, ನೋಡಲು ಬಂದ ಜನರ ಜೊತೆಗೆ, ಒಳಗೆ ಕರೆದೊಯ್ದಳು.

ಹಗ್ಗ ಕಟ್ಟಿದ ಆಚೆ ಮಗ್ಗ. ಮಗ್ಗದಲ್ಲಿ ಜಕ್ಕಪ್ಪ. ಪಕ್ಕದಲ್ಲಿ ತಾರವ್ವನ ರಾಟಿ, ರಾಟಿಯ ಮುಂದೆ ಏಕಸಂಬಿಯ ಪದ್ಮವ್ವ. ಹಾಡಿನ ತಂಡದ ಹುಡುಗಿ, ಎಳೆ ಬೆಂಡೆಯಂಥ ಮೈ, ಮೂಗಿನಲ್ಲಿ ನತ್ತು. ಉಟ್ಟದ್ದು ತಾರವ್ವನ ಹಸಿರು ಸೀರೆ. ಅವಳಿಗೆ ನೂಲಲು ಬರುತ್ತಿರಲಿಲ್ಲ. ತಾರವ್ವ ಸಂಜೆ ನೂತಿಟ್ಟದ್ದನ್ನು ಮಡಿಲಲ್ಲಿ ಇಟ್ಟುಕೊಂಡು ಚಕ್ರ ತಿರುಗಿಸುತ್ತಿದ್ದಳು. ಬಾಳಾಸಾಬ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಮುನಿಯಮ್ಮ ಒಂದೇ ಶಬ್ದದಲ್ಲಿ ಅದನ್ನು ತಿಳಿಸಿದಳು. "ಪೊಂಡಾಟ್ಟಿ."

ಯಾರೋ ಏನೋ ಕೇಳಿದರು. ಬಾಳಾಸಾಬ ನಗುತ್ತ ಕನ್ನಡಕ್ಕೆ ತಿರುಗಿಸಿದ: "ಜಕ್ಕಪ್ಪಾ, ಮದಿವ್ಯಾಗಿ ಎಷ್ಟ್ ವರ್ಸ ಆತು ಅಂತ ಕೇಳಾಕತ್ತಾರ." ಜಕ್ಕಪ್ಪ ಮೀಸೆ ತಿರುವಿ, ಪದ್ಮವ್ವನ ಹೆಗಲ ಮೇಲೆ ಕೈ ಇಟ್ಟ. ಕ್ಯಾಮೆರಾಗಳು ಮಿಂಚಿದವು. ನಾಲ್ಕು ಜನರ ಮುಂದೆ ಹೆಂಡತಿಯ ಹೆಗಲು ಮುಟ್ಟಿದವನಲ್ಲ ಅವನು.

ಆಗ ಅವನಿಗೆ ತಾರವ್ವ ಕಂಡಳು. ಅವಳು ಹಗ್ಗದವರೆಗೂ ಬಂದಿದ್ದಳು. ಅವನ ಕೈ ಹೆಗಲಿನಿಂದ ಜಾರಿತು. ಪಕ್ಕದಲ್ಲಿದ್ದ ಬಿಳಿಯ ಹೆಂಗಸೊಬ್ಬಳು ಅವನ ನೋಟ ಹಿಡಿದು ತಿರುಗಿ, ತಾರವ್ವನ ಹಣೆಯ ಕುಂಕುಮ, ಉಡುಗೆ ನೋಡಿ, ಇವಳು ಯಾರು ಎಂದು ಕೇಳಿದಳು. ಬಾಳಾಸಾಬ ತಬ್ಬಿಬ್ಬಾಗಿ, "ಕಾಯ್ ಸಾಂಗೂ?" ಎಂದ. ಏನು ಹೇಳಲಿ ಎಂದು ಮರಾಠಿಯಲ್ಲಿ ಕೇಳಿದ್ದು ತಾರವ್ವನಿಗೆ ತಿಳಿಯದಿರಲಿ ಎಂದು. ನಿಪ್ಪಾಣಿ ಸೀಮೆಯಲ್ಲಿ ಹುಟ್ಟಿದವಳಿಗೆ ಮರಾಠಿ ಬಾರದೇ?

ಜಕ್ಕಪ್ಪ ಲಾಳಿಯ ಕಡೆ ನೋಡುತ್ತ ಹೇಳಿದ. "ಅಡಗಿ ಮಾಡಾಕಿ ಅನ್ರಿ."

ಬಾಳಾಸಾಬ ಹಾಗೆಯೇ ಹೇಳಿದ. ಬಿಳಿಯ ಹೆಂಗಸು ತಾರವ್ವನತ್ತ ನೋಡಿ ಒಳ್ಳೆಯ ನಗೆ ನಕ್ಕಳು.

ತಾರವ್ವ ಆಟ ಮುಗಿಯುವವರೆಗೆ ಉಳಿದವರ ಹಾಗೆ ಹಗ್ಗದ ಈಚೆ ನಿಂತು ನೋಡಿದಳು. ಸಂಜೆ ಪದ್ಮವ್ವ ಸೀರೆ ಮಡಚಿ ತಂದು, "ಅಕ್ಕಾ, ಕುಂಡ್ರು ಅಂದ್ರು, ಕುಂತ್ನಿ. ನಂದೇನ್ ತಪ್ಪೈತಿ?" ಎಂದಳು. ತಾರವ್ವ ಸೀರೆ ತೆಗೆದುಕೊಂಡಳು. "ನಿಂದೇನಿಲ್ಲವಾ," ಎಂದಳು.

ಜಕ್ಕಪ್ಪ ಉಂಡು ಕೈ ತೊಳೆದು ಹಂಜಿಯ ಬುಟ್ಟಿಯನ್ನು ಅವಳ ಮುಂದೆ ಸರಿಸಿದ. ಅವಳು ಅದನ್ನು ಕಾಲಿನಿಂದ ವಾಪಸು ತಳ್ಳಿದಳು. ಬಾಳಾಸಾಬ ಬಂದು ದೇಶದ ಮಾನದ ಮಾತಾಡಿದ. "ನಾಡದ್ದು ಬಹುಮಾನ ಕೊಡ್ತಾರ ವೈನಿ, ನೂಲಿಲ್ಲಂದ್ರ ಹೆಂಗ?"

"ಅಡಗಿ ಮಾಡಾಕಿ ನೂಲ್ತಾಳೇನ್ರಿ?" ಎಂದಳು ತಾರವ್ವ.

ಜಕ್ಕಪ್ಪ ಎದ್ದು ಅವಳ ಕೆನ್ನೆಗೆ ಹೊಡೆದ. ಕಣ್ಣಿದ್ದ ಕಡೆಯ ಕೆನ್ನೆಗೆ. ಬಾಳಾಸಾಬ ಕಿಟಕಿಯ ಹೊರಗೆ ನೋಡಿದ.

ಮರುದಿನ ಪದ್ಮವ್ವ ಖಾಲಿ ರಾಟಿ ತಿರುಗಿಸಿದಳು, ಜಕ್ಕಪ್ಪ ಹಳೆಯ ಅರ್ಧ ಕಂಬಳಿಯ ಮೇಲೆ ಲಾಳಿಯನ್ನು ಅತ್ತಿಂದಿತ್ತ ಓಡಿಸಿದ. ತಾರವ್ವ ಜನರ ಹಿಂದೆ ನಿಂತು, ಯಾರಾದರೂ ನೂಲೆಲ್ಲಿ ಎಂದು ಕೇಳಬಹುದು ಎಂದು ಕಾದಳು. ಯಾರೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಮಾರನೆಯ ದಿನ ಬಹುಮಾನವೂ ಬಂತು, ಕನ್ನಡಿಯಂಥ ಹಿತ್ತಾಳೆಯ ತಟ್ಟೆ, ಕೊರಳಿಗೆ ರೇಷ್ಮೆಪಟ್ಟಿ, ಗಂಡ ಹೆಂಡತಿ ಇಬ್ಬರಿಗೂ.

ನಿಪ್ಪಾಣಿಯಲ್ಲಿ ಸತ್ಕಾರವಾಯಿತು. ಮರಾಠಿ ಪತ್ರಿಕೆಯಲ್ಲಿ ಜಕ್ಕಪ್ಪ ಪದ್ಮವ್ವರ ಫೋಟೋ ಬಂತು. ತಾರವ್ವ ಹೆಂಗಸರ ನಡುವೆ ಜಮಖಾನೆಯ ಮೇಲೆ ಕೂತು ಭಾಷಣ ಕೇಳಿದಳು. ಜಕ್ಕಪ್ಪ ಆ ಫೋಟೋಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ. "ದೊಡ್ಡ ಮಂದಿ ಬಂದ್ರ ತೋರಸಾಕ ಬೇಕು," ಎಂದ.

ಆ ವಾರವೇ ತಾರವ್ವ ರಾಟಿಯನ್ನು ತಲೆಯ ಮೇಲೆ ಹೊತ್ತುಕೊಂಡು ಮೂರು ಮನೆ ದಾಟಿ ಭರಮುವಿನ ಮನೆಗೆ ಹೋದಳು. ಭರಮು ಸಾಧಾರಣ ನೇಕಾರ. ಅವನ ಕಂಬಳಿ ಹೊದ್ದರೆ ಮೈ ತುರಿಸುತ್ತದೆಂದು ಜನ ಆಡಿಕೊಳ್ಳುತ್ತಿದ್ದರು. "ನಿನಗ ನೂತ್ ಕೊಡ್ತೀನಿ. ಕೂಲಿ ಕೊಡು," ಎಂದಳು.

"ಜಕ್ಕಪ್ಪಣ್ಣ ಕಡದ್ ಹಾಕ್ತಾನವಾ ನನ್ನ!"

"ಆಂವಗ ಏನ್ ಸಂಬಂಧ? ಆಂವನ ಮನ್ಯಾಗ ನಾ ಅಡಗಿ ಮಾಡ್ತೀನಿ ಅಷ್ಟ."

ಜಕ್ಕಪ್ಪ ಹೊಡೆದ, ಬೈದ, ಪಂಚರನ್ನು ಕೂಡಿಸಿದ. ಅವಳು ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದಿಟ್ಟು, ಭರಮುವಿನ ಕಟ್ಟೆಗೆ ಹೋಗಿ ಕೂರುತ್ತಿದ್ದಳು. ಎರಡು ವರ್ಷದಲ್ಲಿ ನಿಪ್ಪಾಣಿ ಸಂತೆಯ ಗಿರಾಕಿಗಳು ಭರಮುವಿನ ಮುಂದೆ ನಿಲ್ಲತೊಡಗಿದರು. ಜಕ್ಕಪ್ಪ ಕಂಡಕಂಡವರ ಗಂಟುನೂಲು ತಂದು ನೇಯ್ದ, ಕಂಬಳಿ ಜಾಳಾಯಿತು. ಇನ್ನೊಂದು ಪರದೇಶದ ಆಸೆಯಿಂದ ಬಾಳಾಸಾಬನ ಬಾಗಿಲಿಗೆ ಅಲೆದ. ಬಾಳಾಸಾಬನಿಗೆ ಅಷ್ಟರಲ್ಲಿ ಚಪ್ಪಲಿ ಹೊಲಿಯುವ ಚೆಲುವ ಜೋಡಿಯೊಂದು ಸಿಕ್ಕಿತ್ತು. "ಸಾಹೇಬ್ರು ಉಣ್ಣಾಕತ್ತಾರ" ಎಂದು ಆಳು ಹೇಳುತ್ತಿದ್ದ. ಕೊನೆಗೆ ಜಕ್ಕಪ್ಪ ಮಗ್ಗ ಬಿಚ್ಚಿಟ್ಟು ಬೇರೆಯವರ ಕುರಿ ಕಾಯಲು ಹೋದ.

ಮಧ್ಯಾಹ್ನ ಭರಮುವಿನ ಕಟ್ಟೆಯ ಮೇಲೆ ಹೆಂಗಸರು ಸೇರುತ್ತಿದ್ದರು. ತಾರವ್ವ ರಾಟಿ ತಿರುಗಿಸುತ್ತ ಆ ಊರಿನ ಚಿತ್ರಗಳ ಸುದ್ದಿ ಹೇಳುತ್ತಿದ್ದಳು: ನೀಲಿ ಗೋಡೆ, ತೊಗಲುಗೊಂಬೆ, ಮೇಣದ ಹೂವು. ಎಷ್ಟು ಸಲ ಹೇಳಿದರೂ ಅವರಿಗೆ ಸಾಲದು. ಜಕ್ಕಪ್ಪ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬಂದರೆ ಅರ್ಧ ಮಾತಿನಲ್ಲಿ ಬಾಯಿ ಮುಚ್ಚುತ್ತಿದ್ದಳು. ಅವನು ದಾಟಿಹೋದ ಮೇಲೆ ಬಿಟ್ಟಲ್ಲಿಂದ ಹಿಡಿಯುತ್ತಿದ್ದಳು. ಹೆಂಗಸರು ಮೊದಮೊದಲು ನಕ್ಕರು. ಆಮೇಲೆ ಅವರಿಗೂ ನಗು ಬರದಾಯಿತು.

೧೯೯೬ರಲ್ಲಿ ಜಕ್ಕಪ್ಪನಿಗೆ ಲಕ್ವಾ ಹೊಡೆದು ಬಲಭಾಗ ಬಿದ್ದುಹೋಯಿತು. ತಾರವ್ವ ಅವನನ್ನು ಹಸಿದಿರಲು ಬಿಡಲಿಲ್ಲ. ಹೊತ್ತುಹೊತ್ತಿಗೆ ನುಚ್ಚು ಕುದಿಸಿ, ಹಾಲು ಹಾಕಿ, ಬಟ್ಟಲನ್ನು ಹಾಸಿಗೆಯ ಪಕ್ಕ ಇಡುತ್ತಿದ್ದಳು. ಬಾಯಿಗೆ ಹಾಕುತ್ತಿರಲಿಲ್ಲ. ಎಡಗೈಯಿಂದ ಅವನು ತಿಂದಷ್ಟು ತಿಂದ, ಚೆಲ್ಲಿದಷ್ಟು ಚೆಲ್ಲಿದ. ರಾಯಬಾಗದಿಂದ ಮಲಕವ್ವ ಬಂದು ಅತ್ತು ಹೋದಳು. ಸತ್ತೆವ್ವ ಬೈದಳು: "ಸಾಯೂ ಮನಶ್ಯಾನ ಮ್ಯಾಲ ಎಂಥಾ ಸಿಟ್ಟ ಬೇ ನಿಂದು? ಒಂದ್ ಮಾತರ ಆಡು."

"ಉಣ್ಣಾಕ ಹಾಕ್ತೀನಲಾ," ಎಂದಳು ತಾರವ್ವ.

ಮಳೆಗಾಲದ ಒಂದು ಮುಂಜಾನೆ ಜಕ್ಕಪ್ಪ ಸೊಟ್ಟಬಾಯಿಯಲ್ಲಿ ತೊದಲುತ್ತ ಅವಳನ್ನು ಕರೆದ. ಬಟ್ಟಲಿಟ್ಟು ಹೊರಟವಳು ನಿಂತಳು.

"ತಾರೀ... ಅಲ್ಲಿ... ಏನೇನ್ ನೋಡಿದಿ? ನಂಗೂ ಹೇಳು."

ಅವನ ಕಣ್ಣಲ್ಲಿ ನೀರಿತ್ತು. ಬಾಗಿಲಲ್ಲಿ ನಿಂತ ಸತ್ತೆವ್ವ ಈಗ ಹೇಳುತ್ತಾಳೆ, ಈಗ ಕೂರುತ್ತಾಳೆ ಎಂದು ಕಾದಳು. ತಾರವ್ವ ಅವನ ಮುಖವನ್ನು, ಜೋತುಬಿದ್ದ ಮೀಸೆಯನ್ನು, ಎಳೆದುಹೋದ ತುಟಿಯನ್ನು, ತನ್ನ ಒಂದೇ ಕಣ್ಣಿನಿಂದ ಸಾವಕಾಶವಾಗಿ ನೋಡಿದಳು.

"ನುಚ್ಚು ಆರತೈತಿ. ಉಣ್ಣು," ಎಂದು ಹೇಳಿ ಕೆಲಸಕ್ಕೆ ಹೋದಳು.

ಆ ವಾರ ಮುಗಿಯುವುದರೊಳಗೆ ಅವನು ತೀರಿಕೊಂಡ. ಮಣ್ಣಿಗೆ ಬಂದವರು ಅವಳ ಒಣ ಕಣ್ಣು ನೋಡಿ, ಕಲ್ಲೆದೆಯವಳು ಎಂದು ಮಾತಾಡಿಕೊಂಡರು. ತಾರವ್ವನಿಗೆ ಅದು ಕೇಳಿಸಿತು. ಬಂದವರಿಗೆಲ್ಲ ಅಡುಗೆಯಾಗಬೇಕಿತ್ತು, ಅವಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಕೂತಳು.