ಪೂಜೆಗೆ ಕುಳಿತ ಡಬ್ಬಿ

ನಿಟ್ಟುವಳ್ಳಿಯ ಮನೆಗೆ ಬಂದಾಗಲೆಲ್ಲ ನೀವು ದೇವರ ಕೋಣೆಯ ಮೂಲೆಯಲ್ಲಿರುವ ಕಪ್ಪು ಕಬ್ಬಿಣದ ಡಬ್ಬಿಯನ್ನು ಎತ್ತಲು ಹೋಗಿ, ಭಾರ ತಾಳದೆ ಅಲ್ಲೇ ಬಿಡುತ್ತೀರಿ. ಅದೇನಜ್ಜಿ ಎಂದು ಕೇಳಿದರೆ ನಾನು "ಹಳೇದು, ಬಿಡ್ರಪ್ಪ" ಎಂದು ಸುಮ್ಮನಾಗುತ್ತೇನೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆಯುವುದು ಅಷ್ಟು ಕಷ್ಟವಲ್ಲ. ಊರ ಶಾಲೆಯ ಮೇಷ್ಟ್ರು ಕಲಿಸಿದ ಅಕ್ಷರ ಇನ್ನೂ ಕೈಯಲ್ಲಿದೆ.

ನಾನು ಮದುವೆಯಾಗಿ ಹರಿಹರಕ್ಕೆ ಬಂದದ್ದು ಐವತ್ತರ ದಶಕದ ಕೊನೆಗೆ. ನಿಮ್ಮ ಅಜ್ಜ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕರೆಂಟಿನ ಕೆಲಸ ನೋಡಿಕೊಳ್ಳುತ್ತಿದ್ದರು. ನಮ್ಮೂರಲ್ಲಿ ಆಗಿನ್ನೂ ಕಂದೀಲು. ಇಲ್ಲಿ ಸಂಜೆ ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತು. ಹತ್ತಿದ ಕೂಡಲೇ ನಾನೂ ಅತ್ತೆಯೂ ಬಲ್ಬಿಗೆ ಕೈಮುಗಿಯುತ್ತಿದ್ದೆವು.

ಪಕ್ಕದ ದೊಡ್ಡ ಮನೆಗೆ ಒಂದು ಅಮೆರಿಕದ ಸಂಸಾರ ಬಂತು. ಗಂಡ ಇಂಜಿನಿಯರು, ಹೊಸ ಯಂತ್ರಗಳನ್ನು ಕೂರಿಸಲು ಕಾರ್ಖಾನೆಯವರೇ ಕರೆಸಿದ್ದರು. ಹೆಂಡತಿಯನ್ನು ಓಣಿಯವರೆಲ್ಲ ದೊರೆಸಾನಿ ಎನ್ನುತ್ತಿದ್ದರು. ಜೊತೆಗೆ ಬೆಣ್ಣೆಯಂಥ ಒಂದು ಹೆಣ್ಣುಕೂಸು. ದೊರೆಸಾನಿ ಹಾಲಿನವಳಿಂದ ಒಂದಿಷ್ಟು ಕನ್ನಡ ಕಲಿತಿದ್ದಳು. "ಬರ್ರಿ, ಕೂಡ್ರಿ" ಎಂದು ಬೆಕ್ಕಿಗೂ ಹೇಳುತ್ತಿದ್ದಳು.

ಬಂದ ಹೊಸದರಲ್ಲೇ ಅವಳು ತನ್ನ ದೇಶದಿಂದ ತಂದ ಇಸ್ತ್ರಿ ಪೆಟ್ಟಿಗೆಯನ್ನು ನಮ್ಮ ಕರೆಂಟಿಗೆ ಸೀದಾ ಹಾಕಿಬಿಟ್ಟಳು. ಕ್ಷಣದಲ್ಲಿ ಒಳಗಿನ ತಂತಿ ಸುಟ್ಟು, ಆ ವಾಸನೆ ನಮ್ಮ ಅಡುಗೆಮನೆಗೂ ಬಂತು. ಆಮೇಲೆ ನಿಮ್ಮ ಅಜ್ಜ ಈ ಡಬ್ಬಿಯನ್ನು ಹೊತ್ತು ತಂದು ಅವರ ಮನೆಯಲ್ಲಿ ಇಟ್ಟರು. ಅದು ಟ್ರಾನ್ಸ್‌ಫಾರ್ಮರ್; ಮುಂದೆ ಆ ಸಂಸಾರ ತಮ್ಮ ದೇಶಕ್ಕೆ ಮರಳುವಾಗ ಅದನ್ನು ನಮಗೇ ಬಿಟ್ಟುಹೋಯಿತು. ರಾತ್ರಿ ಊಟಕ್ಕೆ ಬಡಿಸುವಾಗ ಅದೇನು ಮಾಡುತ್ತದೆ ಎಂದು ಮೆಲ್ಲಗೆ ಕೇಳಿದೆ.

"ಅವರ ದೇಶದ ಕರೆಂಟಿನ ಜೋರು ನಮ್ದರಲ್ಲಿ ಅರ್ಧ," ಎಂದರು. "ಅವರ ಸಾಮಾನೆಲ್ಲ ಅದಕ್ಕೇ ಮಾಡಿದ್ದು. ಕೆರಿ ನೀರನ್ನ ತೂಬಿಲ್ದಂಗೆ ಸಸಿ ಮಡಿಗೆ ಬಿಟ್ರೆ ಏನಾಗ್ತೈತೆ?"

"ಸಸಿ ಕಿತ್ಕಂಡು ಹೋಗ್ತಾವು."

"ಅಷ್ಟೇ ನೋಡು. ಈ ಡಬ್ಬಿ ತೂಬು ಇದ್ದಂಗೆ."

ಅಂದಿನಿಂದ ನನಗೆ ಅದರ ಮೇಲೆ ಒಂದು ಗೌರವ. ದೊರೆಸಾನಿ ಕರೆದಾಗ ಹೋಗಿ ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಡಬ್ಬಿ ಗುಂಯ್ ಎನ್ನುತ್ತಿತ್ತು. ಅದರಿಂದ ರೊಟ್ಟಿ ಸುಡುವ ಯಂತ್ರ ನಡೆಯುತ್ತಿತ್ತು, ಒಂದು ಹಬೆಯ ಪಾತ್ರೆಯೂ ನಡೆಯುತ್ತಿತ್ತು. ಕೂಸಿಗೆ ಆಗಾಗ ಎದೆ ಕಟ್ಟಿ, ಉಸಿರು ಸೀಟಿ ಹಾಕಿದಂತೆ ಬರುತ್ತಿತ್ತು. ಆಗ ಆ ಪಾತ್ರೆಗೆ ನೀರು ಹಾಕಿ ಡಬ್ಬಿಗೆ ಸಿಕ್ಕಿಸಿದರೆ ಕೋಣೆ ತುಂಬ ಹಬೆ ನಿಂತು ಕೂಸಿಗೆ ಸಲೀಸಾಗುತ್ತಿತ್ತು. ತಂಬಿಗೆಯ ಬಿಸಿನೀರಿಗೆ ಅದು ಮುಖ ಕೊಡುತ್ತಿರಲಿಲ್ಲ, ಚೀರಿ ಇನ್ನಷ್ಟು ಕೆಮ್ಮುತ್ತಿತ್ತು.

ಆಯುಧ ಪೂಜೆ ಬಂತು. ಅವತ್ತು ದುಡಿಯುವ ಸಾಮಾನನ್ನೆಲ್ಲ ತೊಳೆದು ದೇವರ ಮುಂದೆ ಇಡುತ್ತೇವಲ್ಲ, ಮಾರನೆಯ ಬೆಳಗಿನ ಮಂಗಳಾರತಿ ಆಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಆ ದಿನ ಅದಕ್ಕೆ ಬಿಡುವು. ನಮ್ಮ ಅತ್ತೆ ಇದರಲ್ಲಿ ಬಲು ಕಟ್ಟುನಿಟ್ಟು. ಈಳಿಗೆ, ಕುಡುಗೋಲು, ನಿಮ್ಮ ಅಜ್ಜನ ಪಾನಾ, ಇಕ್ಕಳ ಎಲ್ಲವನ್ನೂ ಸಾಲಾಗಿ ಜೋಡಿಸಿ, ತರಕಾರಿಯನ್ನು ಹಿಂದಿನ ದಿನವೇ ಹೆಚ್ಚಿಟ್ಟಿದ್ದರು. ಸಾಲನ್ನು ನೋಡಿ ಅವರಿಗೆ ಏನೋ ಕಡಿಮೆ ಎನಿಸಿತು.

"ದೊರೆಸಾನಿ ಮನ್ಯಾಗಿನ ಡಬ್ಬಿ ತರಬೇಕು ಕಣವ್ವ. ಬಂದಾಗಿಂದ ಹಗಲೂ ರಾತ್ರಿ ದುಡಿತೈತೆ ಪಾಪ. ಅದಕ್ಕೂ ಒಂದಿನ ಪೂಜೆ ಬ್ಯಾಡೇನು?"

"ಅದು ಅವರದಲ್ಲೇನತ್ತಿ?"

"ಕರೆಂಟು ನಮ್ದಲ್ಲೇನು? ಹೋಗು, ಕೇಳ್ಕಂಡು ಬಾ."

ಹೋದೆ. ಗೇಟಿನ ಹತ್ತಿರ ಎಷ್ಟೋ ಹೊತ್ತು ನಿಂತೆ. ಕೊನೆಗೆ ದೊರೆಸಾನಿಯೇ ನೋಡಿ ಹೊರಗೆ ಬಂದಳು. ಕೈಸನ್ನೆ ಮಾಡಿ, ಕುಂಕುಮ ತೋರಿಸಿ ಹೇಗೋ ತಿಳಿಸಿದೆ. ಅವಳಿಗೆ ಬಲು ಸಂತೋಷವಾಯಿತು. ತಂತಿ ಬಿಚ್ಚಿ ತಾನೇ ಡಬ್ಬಿಯನ್ನು ಹೊತ್ತು ತಂದು ಕೊಟ್ಟಳು. ಕೂಸು ಅವತ್ತು ಅಂಗಳದಲ್ಲಿ ಆಡುತ್ತಿತ್ತು, ಆರಾಮಾಗಿತ್ತು.

ಅತ್ತೆ ಡಬ್ಬಿಯ ಮೇಲೆ ಕೊಡದಿಂದ ನೀರು ಸುರಿಯಲು ಹೊರಟಾಗ ನಿಮ್ಮ ಅಜ್ಜ ಓಡಿಬಂದು ತಡೆದರು. "ಅವ್ವಾ, ಇದಕ್ಕೆ ಸ್ನಾನ ಬ್ಯಾಡ." ಒಣ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಸರ ಹಾಕಿ, ಮೇಲೊಂದು ಬಿಡಿ ಹೂವು ಇಟ್ಟೆವು. ಆಮೇಲೆ ಅಜ್ಜ ಆ ಇಂಜಿನಿಯರನ್ನು ಕರೆದುಕೊಂಡು ದಾವಣಗೆರೆಗೆ ಹೋದರು. ಅಲ್ಲಿ ಹತ್ತಿಗಿರಣಿಯೊಂದರ ಪೂಜೆಗೆ ಇಬ್ಬರಿಗೂ ಕರೆ ಬಂದಿತ್ತು. ರಾತ್ರಿ ಭಾವನವರ ಮನೆಯಲ್ಲಿದ್ದು ಬೆಳಗ್ಗೆ ಬರುವುದೆಂದು ಮಾತು. ಎರಡೂ ಮನೆಯಲ್ಲಿ ನಾವು ಹೆಂಗಸರೇ ಉಳಿದೆವು.

ದೀಪ ಹಚ್ಚುವ ಹೊತ್ತಿಗೆ ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಎದ್ದಿತು. ಗೋಡೆಯಾಚೆ ಕೂಸು ಕೆಮ್ಮಲು ಶುರುಮಾಡಿತು. ನಾಯಿ ಬೊಗಳಿದಂಥ ಒಣ ಕೆಮ್ಮು, ನಡುನಡುವೆ ಆ ಸೀಟಿ. ಸ್ವಲ್ಪ ಹೊತ್ತಿಗೆ ದೊರೆಸಾನಿ ನಮ್ಮ ಹೊಸ್ತಿಲ ಬಳಿ ಬಂದಳು. ಅತ್ತೆ ಕಣ್ಣುಮುಚ್ಚಿ ದೇವರ ಮುಂದೆ ಕುಳಿತಿದ್ದರು. ಡಬ್ಬಿಯ ಮುಂದೆ ತುಪ್ಪದ ದೀಪ ಉರಿಯುತ್ತಿತ್ತು. ಅವಳು ಡಬ್ಬಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಬಾಯಿ ತೆರೆದು ಮತ್ತೆ ಮುಚ್ಚಿಕೊಂಡು ತಿರುಗಿ ಹೋದಳು. ನನ್ನ ಹಾಗೆಯೇ ಕೇಳಲು ಹಿಂಜರಿಯುವವರು ಆ ದೇಶದಲ್ಲೂ ಇರುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಕೂಸಿನ ಸಂಕಟ ನೋಡಲಾರದೆ ಅವಳು ಆ ಹಬೆಯ ಪಾತ್ರೆಯನ್ನು ಸೀದಾ ಗೋಡೆಗೆ ಹಾಕಿದರೆ? ಇಸ್ತ್ರಿ ಪೆಟ್ಟಿಗೆಯ ಹಾಗೆ ಅದೂ ಸುಟ್ಟುಹೋಗುತ್ತದೆ. ಆಮೇಲೆ ಹಬೆ ಎಲ್ಲಿಂದ? ಮದುವೆಯಾದ ಮೇಲೆ ನಾನು ಅತ್ತೆಗೆ ಎದುರು ಮಾತು ಆಡಿದವಳಲ್ಲ.

"ಅತ್ತಿ, ಡಬ್ಬಿ ಎತ್ತಬೇಕು."

ಅವರು ಕಣ್ಣು ತೆರೆದರು. "ಪೂಜೆಗೆ ಕುಂತಿದ್ದನ್ನ?"

"ಕೂಸಿಗೆ ಉಸಿರು ಸಿಗವಲ್ದು. ಡಬ್ಬಿ ಇಲ್ದೆ ಹಬೆ ಪಾತ್ರೆ ಹತ್ತಂಗಿಲ್ಲ."

ಕೆಮ್ಮು ಮತ್ತೆ ಕೇಳಿಸಿತು. ಅತ್ತೆ ಡಬ್ಬಿಯ ಮೇಲಿನ ಹೂವನ್ನೇ ನೋಡುತ್ತ, "ಬಲಗಡೆ ಹೂವು ಬಿದ್ರೆ ಅಪ್ಪಣೆ ಆದಂಗೆ. ತಡಿ," ಎಂದರು. ಇಬ್ಬರೂ ಕಾದೆವು. ಹೂವು ಅಲ್ಲಾಡಲಿಲ್ಲ. ಅತ್ತೆ ದೀಪದ ಬತ್ತಿ ಸರಿಮಾಡುವವರಂತೆ ಮುಂದೆ ಬಾಗಿ, ಕಿರುಬೆರಳಿನಿಂದ ಹೂವನ್ನು ಒಂದಿಷ್ಟು ತಳ್ಳಿದರು. ಹೂವು ಬಿತ್ತು.

"ಬಿತ್ತು ನೋಡು. ಇನ್ನೂ ಯಾಕ ನಿಂತಿ? ಎತ್ತು."

ಕೊಡ ಎತ್ತುವಂತೆ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ಒಳಗೆ ದೊರೆಸಾನಿ ಒಂದು ಕೈಯಲ್ಲಿ ಕೂಸನ್ನು ಅವಚಿಕೊಂಡು ಗೋಡೆಯ ಮುಂದೆ ಕುಳಿತಿದ್ದಳು. ಪಾತ್ರೆಯ ಚಪ್ಪಟೆ ಕಡ್ಡಿಯ ಪ್ಲಗ್ಗಿಗೆ ನಮ್ಮ ದುಂಡು ತೂತಿಗೆ ಹೊಂದುವ ಇನ್ನೊಂದು ಪ್ಲಗ್ಗನ್ನು ಸಿಕ್ಕಿಸಿ, ಗೋಡೆಯ ಹತ್ತಿರ ಹಿಡಿದಿದ್ದಳು. ಒಂದೆರಡು ನಿಮಿಷವಾದರೂ ಹಬೆ ಬಂದೀತು ಎಂದುಕೊಂಡಿದ್ದಳೋ ಏನೋ.

"ಬ್ಯಾಡ್ರಿ," ಎಂದು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅವಳ ಕೈ ನಿಂತಿತು.

ಡಬ್ಬಿಯನ್ನು ಇಳಿಸಿದೆ. ಅವಳು ತಂತಿ ಜೋಡಿಸಿ ಗುಂಡಿ ಒತ್ತಿದಳು. ಗುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ಏನೋ ಸುಟ್ಟ ವಾಸನೆ ಬಂತು. ಬಾಗಿ ನೋಡಿದರೆ ಹಬೆಯ ಪಾತ್ರೆಯ ಅಡಿಗೆ ಸಿಕ್ಕಿ ಚೆಂಡುಹೂವಿನ ಒಂದು ಎಸಳು ಬಾಡಿ ಕಂದುತ್ತಿತ್ತು. ನನ್ನ ಸೆರಗಿನಿಂದ ಉದುರಿದ್ದಿರಬೇಕು. ಅದನ್ನು ತೆಗೆದೆ. ನೀರು ಕುದಿಯಿತು, ಹಬೆ ಎದ್ದಿತು. ದೊರೆಸಾನಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆನ್ನು ಸವರುತ್ತಿದ್ದಳು. ಸೀಟಿ ಮೆತ್ತಗಾಯಿತು, ಕೆಮ್ಮು ಹಸಿಯಾಯಿತು. ಆಮೇಲೆ ಕೂಸು ಒಂದು ದೀರ್ಘ ಉಸಿರೆಳೆದು ಅವಳ ಭುಜದ ಮೇಲೆ ತಲೆಯಿಟ್ಟಿತು. ನಾನು ಅಲ್ಲೇ ನೆಲದ ಮೇಲೆ ಕುಳಿತೆ. "ಕೂಡ್ರಿ," ಎಂದಳು ದೊರೆಸಾನಿ, ನಾನು ಕುಳಿತಾದ ಮೇಲೆ. ಇಬ್ಬರೂ ನಕ್ಕೆವು, ಅವಳ ಕೆನ್ನೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. ಆ ಮನೆಯ ಹೊಸ್ತಿಲನ್ನು ಅವರು ಅಲ್ಲಿಯವರೆಗೆ ತುಳಿದಿರಲಿಲ್ಲ. ಒಂದು ಕೈಯಲ್ಲಿ ಹೋಳಿಗೆಯ ತಟ್ಟೆ, ಇನ್ನೊಂದರಲ್ಲಿ ಬಿದ್ದ ಹೂವು. ಕೂಸಿನ ಹಣೆ ಮುಟ್ಟಿ ನೋಡಿ, ಹೂವನ್ನು ಗುಂಯ್‌ಗುಟ್ಟುವ ಡಬ್ಬಿಯ ಮೇಲೆ ಮತ್ತೆ ಇಟ್ಟು ಕೈಮುಗಿದರು.

ಬೆಳಗ್ಗೆ ನಿಮ್ಮ ಅಜ್ಜ ದಾವಣಗೆರೆಯಿಂದ ಬಂದು, ದೇವರ ಮುಂದೆ ಪಾನಾ, ಇಕ್ಕಳದ ಪಕ್ಕ ಖಾಲಿ ಜಾಗ ಕಂಡು ಗಾಬರಿಯಾದರು.

"ಅವ್ವಾ, ಡಬ್ಬಿ ಎಲ್ಲೈತೆ?"

ಅತ್ತೆ ಮಂಗಳಾರತಿಯ ತಟ್ಟೆಗೆ ಕರ್ಪೂರ ಇಡುತ್ತಿದ್ದರು. ತಲೆ ಎತ್ತಲಿಲ್ಲ.

"ಡ್ಯೂಟಿಗೆ ಹೋಗೈತಪ್ಪ. ನಡಿ, ಅಲ್ಲೇ ಹೋಗಿ ಆರತಿ ಮಾಡಾನ."